ಗಾಂಜಾ ಸೇದಿದವನನ್ನು ಜೈಲಿಗೆ ಹಾಕಬೇಕೆ?

ಗಂಗಾವತಿಯಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲನಾದ ನನಗೆ ಮದುವೆ ಮನೆಯಲ್ಲಿಯೂ ಬಸ್ಸಿನಲ್ಲಿಯೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ದಾರೂ ಮಾರಾಕ ಸರ್ಕಾರನ ಲೈಸೆನ್ಸ್ ಕೊಡತೈತಿ, ಗಾಂಜಾ ಸೇದಿದವನ್ನ ಒಳಗ ಹಾಕತೈತಿ. ಇದ್ಯಾವ ನ್ಯಾಯರೀ ವಕೀಲ್ ಸಾಹೇಬ್ರ?” ಕೇಳುವವರಲ್ಲಿ ಕೆಲವರಿಗೆ ಗಾಂಜಾಕ್ಕೂ ಅಂಗಡಿ ತೆರೆಯಲಿ ಎಂಬ ಉತ್ತರ ಬೇಕು, ಕೆಲವರಿಗೆ ಸೇದುವವರನ್ನೆಲ್ಲ ಜೈಲಿಗೆ ಅಟ್ಟಲಿ ಎಂಬುದು. ಸೇದುವುದು ಅಪರಾಧವಾಗಬಾರದು, ಮಾರುವುದು ಅಪರಾಧವಾಗಿಯೇ ಉಳಿಯಬೇಕು ಎಂಬುದು ನನ್ನ ಉತ್ತರ.

1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, 27ನೇ ಕಲಮಿನ ಪ್ರಕಾರ ಗಾಂಜಾ ಸೇವನೆಗೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಗಿಡದ ಬರಿಯ ಎಲೆ ಮತ್ತು ಬೀಜ ಈ ಕಾಯ್ದೆಯ ಗಾಂಜಾ ಅಲ್ಲ, ಹೂ-ಕುಡಿ ಮಾತ್ರ ಗಾಂಜಾ. ಆದ್ದರಿಂದಲೇ 2022ರಲ್ಲಿ ನಮ್ಮ ಹೈಕೋರ್ಟು, ಎಲೆಯಿಂದ ಮಾಡುವ ಭಂಗಿ (ಭಾಂಗ್) ಈ ಕಾಯ್ದೆಯ ನಿಷೇಧಿತ ವಸ್ತುವಲ್ಲವೆಂದು ಹೇಳಿ ಆರೋಪಿಯೊಬ್ಬನಿಗೆ ಜಾಮೀನು ನೀಡಿತು. ಅಮಲಿನ ವಿರುದ್ಧದ ನೈತಿಕ ನಿಲುವೇ ಈ ಕಾಯ್ದೆ ಎಂದು ತಿಳಿದವರು ಈ ಗೆರೆಯನ್ನೊಮ್ಮೆ ನೋಡಬೇಕು.

ಕಾರಟಗಿ ಕಡೆಯ ರೈಸ್ ಮಿಲ್ಲೊಂದರಲ್ಲಿ ಹಮಾಲಿ ಮಾಡುವ ಹುಡುಗನೊಬ್ಬ ನನ್ನ ಕಕ್ಷಿದಾರನಾಗಿದ್ದ. ಹಗಲೆಲ್ಲ 75 ಕಿಲೋದ ಭತ್ತದ ಚೀಲ ಹೊತ್ತು ರಾತ್ರಿ ಮೈಕೈ ನೋವಿಗೆಂದು ಸೇದುತ್ತಿದ್ದವನು. ಪೊಲೀಸರು ಹಿಡಿದಾಗ ಅವನ ಕಿಸೆಯಲ್ಲಿ ಏನೂ ಇರಲಿಲ್ಲ. ಮೂತ್ರ ಪರೀಕ್ಷೆಯ ವರದಿಯೊಂದರ ಮೇಲೆಯೇ ಪ್ರಕರಣ ದಾಖಲಾಯಿತು. ನಿತ್ಯ ಸೇದುವವನ ಮೂತ್ರದಲ್ಲಿ ಗಾಂಜಾದ ಅಂಶ ವಾರಗಟ್ಟಲೆ ಉಳಿಯುವುದರಿಂದ ಆ ವರದಿ ಅವನು ಯಾವಾಗಲೋ ಸೇದಿದ್ದನೆಂಬುದನ್ನು ಹೇಳುತ್ತದೆಯೇ ಹೊರತು ಹಿಡಿದಾಗ ಅಮಲಿನಲ್ಲಿದ್ದನೆಂಬುದನ್ನಾಗಲಿ, ಯಾರಿಗಾದರೂ ತೊಂದರೆ ಕೊಟ್ಟನೆಂಬುದನ್ನಾಗಲಿ ಹೇಳುವುದಿಲ್ಲ. ವಾಯಿದೆಗೊಮ್ಮೆ ಒಂದು ದಿನದ ಕೂಲಿ ಕಳೆದುಕೊಂಡು ಸಾಕಾಗಿ, ನಾನು ಬೇಡವೆಂದರೂ, ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಮುಂದೆ ತೋರಣಗಲ್ಲು ಕಡೆ ಗುತ್ತಿಗೆದಾರರೊಬ್ಬರ ಬಳಿ ಕೆಲಸಕ್ಕೆ ಹೋದಾಗ ಪೊಲೀಸ್ ಪರಿಶೀಲನೆಯಲ್ಲಿ ಆ ದಂಡವೇ ಅಡ್ಡ ಬಂದು ಮತ್ತೆ ಚೀಲ ಹೊರಲು ಬಂದ. ಅವನಿಗೆ ಗಾಂಜಾ ಮಾರಿದವನು ಯಾರೆಂದು ಇಡೀ ಪ್ರಕರಣದಲ್ಲಿ ಯಾರೂ ಕೇಳಲಿಲ್ಲ.

ಕಾಯ್ದೆಯ ಇನ್ನೊಂದು ಎಡವಟ್ಟು ತೂಕದ್ದು. ಗಾಂಜಾದ ಮಟ್ಟಿಗೆ ಒಂದು ಕಿಲೋಗಿಂತ ಕಡಿಮೆಯಿದ್ದರೆ ‘ಅಲ್ಪ ಪ್ರಮಾಣ’, 20 ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’. ಹೀಗಾಗಿ ಹತ್ತು ಗ್ರಾಂ ಇಟ್ಟುಕೊಂಡ ಹಮಾಲಿಗೂ, ಒಂಬೈನೂರು ಗ್ರಾಂ ಪೊಟ್ಟಣ ಕಟ್ಟಿ ಕಾಲೇಜಿನ ಮುಂದೆ ನಿಲ್ಲುವವನಿಗೂ ಕಾಯ್ದೆ ಹೇಳುವ ಗರಿಷ್ಠ ಶಿಕ್ಷೆ ಒಂದೇ, ಒಂದು ವರ್ಷ. ಇಬ್ಬರನ್ನೂ ಬೇರೆ ಮಾಡಿ ನೋಡುವ ಹೊಣೆ ನ್ಯಾಯಾಧೀಶರ ವಿವೇಚನೆಯ ಮೇಲೆ ಬೀಳುತ್ತದೆ.

ಹಾಗಿದ್ದರೆ ಅಂಗಡಿಯನ್ನೇ ತೆರೆಯಬಾರದೇಕೆ? ಮದ್ಯದ ವಿಷಯದಲ್ಲಿ ಸರ್ಕಾರ ಹೇಗೆ ನಡೆದುಕೊಂಡಿದೆ ಎಂಬುದನ್ನು ಕಂಡಿರುವುದರಿಂದ ನನಗೆ ಧೈರ್ಯವಿಲ್ಲ. ಅಮಲು ಪದಾರ್ಥಗಳ ನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ; ಅಗ್ಗದ ಪ್ಯಾಕೆಟ್ ಮದ್ಯ ಆ ಜಾಗಕ್ಕೆ ಬಂತು. ಆದಾಯದ ರುಚಿ ಕಂಡ ಸರ್ಕಾರ ಗಾಂಜಾದ ಮಾರಾಟವನ್ನು ತಾನೇ ಹಿಡಿತದಲ್ಲಿಡುತ್ತದೆಂದು ನಾನು ನಂಬಲಾರೆ. 2022ರಲ್ಲಿ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆದ ಥಾಯ್ಲೆಂಡ್, ಬೀದಿಬೀದಿಗೂ ಅಂಗಡಿಗಳಾದ ಮೇಲೆ, 2025ರಲ್ಲಿ ವೈದ್ಯರ ಚೀಟಿ ಬೇಕೆಂದು ನಿಯಮ ಬಿಗಿ ಮಾಡಿತು.

ರಾಯಚೂರು ಕಡೆಯ ಸಿ.ಎಚ್. ಪುಡಿಯ ಸೇಂದಿಯನ್ನು ನೋಡಿದರೆ ಮಾರುವವನನ್ನೂ ಕುಡಿಯುವವನನ್ನೂ ಏಕೆ ಬೇರೆ ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ. ಈಚಲು ಮರದ ಹೆಸರಿನಲ್ಲಿ ಮಾರುವ ಆ ನೀರಿಗೆ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಾರೆ, ಕೆಲವೆಡೆ ಆಲ್‌ಪ್ರಜೋಲಮ್‌ನಂತಹ ನಿದ್ದೆಯ ಮಾತ್ರೆಯ ಪುಡಿಯನ್ನೂ. ಕುಡಿಯುವವರು ಬಹುತೇಕ ಕೂಲಿಕಾರರು, ಏನು ಕುಡಿಯುತ್ತಿದ್ದೇವೆಂಬುದು ಎಷ್ಟೋ ಮಂದಿಗೆ ತಿಳಿಯದು. ದಾಳಿಯಾಗಿ ಏಕಾಏಕಿ ಸೇಂದಿ ಸಿಗದಂತಾದರೆ ಅವರಿಗೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಪುಡಿ ಬೆರೆಸಿದವನಿಗೆ ಜೈಲು ಸರಿ. ಕುಡಿದು ನಡುಗುವವನಿಗೆ ಬೇಕಾಗಿರುವುದು ಆಸ್ಪತ್ರೆಯ ಹಾಸಿಗೆ.

ಪೋರ್ಚುಗಲ್ 2001ರಿಂದ ಹೀಗೆಯೇ ನಡೆಯುತ್ತಿದೆ. ಹತ್ತು ದಿನದ ಬಳಕೆಗಾಗುವಷ್ಟು ಇಟ್ಟುಕೊಂಡವನು ಕ್ರಿಮಿನಲ್ ನ್ಯಾಯಾಲಯಕ್ಕೆ ಹೋಗದೆ ಮೂವರ ಸಮಿತಿಯೊಂದರ ಮುಂದೆ ಹೋಗುತ್ತಾನೆ. ಮಾರುವವನಿಗೆ ಜೈಲು ಹಾಗೆಯೇ ಇದೆ. ಅದೇ ದಾರಿ ಹಿಡಿದ ಅಮೆರಿಕದ ಒರೆಗಾನ್ ರಾಜ್ಯ ಶಿಕ್ಷೆಯನ್ನು ತೆಗೆಯುವಷ್ಟು ಬೇಗ ಚಿಕಿತ್ಸೆಯನ್ನು ಒದಗಿಸಲಾರದೆ 2024ರಲ್ಲಿ ಮರಳಿ ಅಪರಾಧವಾಗಿಸಿತು. ನಮ್ಮ ತಾಲೂಕುಗಳಲ್ಲಿ ವ್ಯಸನ ಬಿಡಿಸುವ ವೈದ್ಯರು ಎಷ್ಟು ವಿರಳವೆಂಬುದು ಗೊತ್ತಿರುವವನಾದ್ದರಿಂದ ಒರೆಗಾನ್‌ನ ಉದಾಹರಣೆ ನನ್ನನ್ನು ಹೆಚ್ಚು ಕಾಡುತ್ತದೆ.

ಕಾನೂನು ಬದಲಾಗುವವರೆಗೆ, ಮಗ ಸೇದುತ್ತಾನೆಂದು ಗುಟ್ಟಾಗಿ ಬಂದು ಹೇಳುವ ತಂದೆಯರಿಗೆ ನಾನು ಕಾಯ್ದೆಯ 64ಎ ಕಲಮನ್ನು ಓದಿ ಹೇಳುತ್ತೇನೆ. ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಆದ್ದರಿಂದ ಪೊಲೀಸರು ಬರುವ ಮುನ್ನವೇ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಹೊರರೋಗಿ ಚೀಟಿಯಿಂದ ಡಿಸ್ಚಾರ್ಜ್ ಕಾಗದದವರೆಗೆ ಎಲ್ಲವನ್ನೂ ದಿನಾಂಕ ಸಹಿತ ಜೋಪಾನವಾಗಿಡಿ; ನ್ಯಾಯಾಲಯದಲ್ಲಿ ನಾವು ಮುಂದಿಡಬೇಕಾಗುವುದು ಆ ಕಾಗದಗಳನ್ನೇ.