ಹಾಡಕ್ಕೆ ಬರದವನ ಮ್ಯೂಸಿಕ್ ಕ್ಲಾಸು

ಮ್ಯಾಗಜಿನ್‌ಗೆ ಏನಾದ್ರೂ ಬರ್ಕೊಡಿ ಅಂದಾಗ ಮೊದ್ಲು ನೆನಪಾಗಿದ್ದು ಶುಕ್ರವಾರದ ಕೊನೆ ಪೀರಿಯಡ್ಡು, ಸಂಗೀತ. ನಂಗೆ ಹಾಡಕ್ಕೆ ಬರ್ತಿರ್ಲಿಲ್ಲ, ಈಗ್ಲೂ ಬರಲ್ಲ. ನಾಲ್ಕನೇ ಕ್ಲಾಸಲ್ಲಿ ಎಲ್ರೂ ಸ ಹಿಡಿದ್ರೆ ನಾನು ರಿ-ಗ ಮಧ್ಯೆ ಎಲ್ಲೋ ಅಲೀತಿದ್ದೆ, ಪಕ್ಕದವ್ನು ಕಿವಿ ಮುಚ್ಕೋತಿದ್ದ. ಮಿಸ್ ಬೈಲಿಲ್ಲ, ಶ್ರುತಿ ಪೆಟ್ಟಿಗೆ ತಂದು ಮುಂದಿಟ್ಟು "ಇದನ್ನ ಒತ್ತೋ, ಬಾಯಿ ಆಮೇಲೆ, ಮೊದ್ಲು ಕಿವಿ" ಅಂದ್ರು. ಅದರ ತಿದಿಗೆ ಒಂದ್ಕಡೆ ಬಟ್ಟೆ ಅಂಟಿಸಿದ್ರು, ಗಡಿಬಿಡಿ ಮಾಡಿದ್ರೆ ನಾದದ ಜೊತೆ ಉಸ್ಸಂತ ಗಾಳೀನೂ ಬರ್ತಿತ್ತು, ಒಂದೇ ಸಮ ಒತ್ತಿದ್ರೆ ಮಾತ್ರ ಸ, ಪ, ಮೇಲಿನ ಸ ಮೂರೂ ಸೇರ್ಕೊಂಡು ನಿಲ್ತಿತ್ತು. ಎರಡು ತಿಂಗಳಾದ್ಮೇಲೆ ಯಾರು ಶ್ರುತಿ ಬಿಟ್ರು ಅಂತ ಗೊತ್ತಾಗಕ್ಕೆ ಶುರುವಾಯ್ತು, ನಾನು ಬಿಟ್ಟಿದ್ದೂ ಗೊತ್ತಾಗ್ತಿತ್ತು, ಅದು ಸ್ವಲ್ಪ ಅವಮಾನದ ವಿಷ್ಯ ಬಿಡಿ.

ತಾಳ ಮಾತ್ರ ಬೇಗ ಹತ್ತಿತು. ಆದಿತಾಳ, ತೊಡೆ ಮೇಲೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಎರಡು ಸಲ ತಟ್ಟಿ ತಿರುಗ್ಸೋದು, ಒಟ್ಟು 8. ಸರಳೆ ವರಸೆ, ಅಂದ್ರೆ ಹೊಸಬ್ರಿಗೆ ಕಲಿಸೋ ಮೊದಲ ಸ್ವರಪಾಠ, ಮೊದಲನೇ ಕಾಲದಲ್ಲಿ (ಕಾಲ ಅಂದ್ರೆ ಇಲ್ಲಿ ವೇಗ) ಎಣಿಕೆಗೆ 1 ಸ್ವರ, ಎರಡನೇ ಕಾಲದಲ್ಲಿ 2, ಮೂರನೇದ್ರಲ್ಲಿ 4, ಕೈ ಓಟ ಮಾತ್ರ ಬದಲಾಗಂಗಿಲ್ಲ. ಬೋರ್ಡ್ ಮೇಲೆ ಎಷ್ಟು ಹೇಳಿದ್ರೂ ತಲೆಗೆ ಹೋಗದ ಅರ್ಧ-ಕಾಲು ಲೆಕ್ಕ ನಂಗೆ ಅರ್ಥ ಆಗಿದ್ದು ತೊಡೆ ಮೇಲೆ. ತಮಾಷೆ ಅಂದ್ರೆ ಪರೀಕ್ಷೆ ಹತ್ರ ಬಂದ್ರೆ ಸಂಗೀತದ ಪೀರಿಯಡ್ ಕಿತ್ಕೋತಿದ್ದಿದ್ದು ಗಣಿತಾನೇ!

ತುಂಬಾ ವರ್ಷ ಆದ್ಮೇಲೆ ಹಂಗೇರಿಯ ಜೋಲ್ತಾನ್ ಕೊಡಾಯ್ ಬಗ್ಗೆ ಓದಿದೆ. ದೊಡ್ಡ ಸಂಗೀತ ಸಂಯೋಜಕ, ಆದ್ರೂ ಚಿಕ್ಕ ಮಕ್ಕಳ ಪಾಠಕ್ಕೆ ಅಂತಾನೇ ಕೂತು ಬರೆದವ್ರು, 1950ರಲ್ಲಿ ಅವರು ಹುಟ್ಟಿದ ಕೆಚ್ಕೆಮೇಟಲ್ಲಿ ಸಂಗೀತಾನೇ ಮುಖ್ಯವಾಗಿರೋ ಪ್ರೈಮರಿ ಸ್ಕೂಲ್ ಶುರುವಾಯ್ತು. ವಾದ್ಯ ಆಮೇಲೆ, ಮೊದ್ಲು ಗಂಟಲು ಅನ್ನೋದು ಅವರ ಪದ್ಧತಿ. ನಮ್ಮ ಮಿಸ್ಸು ಅದಕ್ಕಿಂತ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ಕಿವಿಯಿಂದ ಶುರು ಮಾಡಿದ್ರು ನೋಡಿ.

ಕಂಠ ಚೆನ್ನಾಗಿರೋ ನಾಲ್ಕು ಮಕ್ಕಳನ್ನ ಆರಿಸಿ ಸ್ಪರ್ಧೆಗೆ ತಯಾರು ಮಾಡೋದನ್ನೇ ಸಂಗೀತ ಶಿಕ್ಷಣ ಅಂತಾರಲ್ಲ, ಅದು ನಂಗೆ ಒಪ್ಪಿಗೆ ಇಲ್ಲ. ಅವ್ರು ಹೇಗಾದ್ರೂ ಕಲೀತಾರೆ, ನನ್ನಂಥವ್ರು ಎಲ್ಲಿಗೆ ಹೋಗ್ಬೇಕು?

ಆ ವರ್ಷ ವಾರ್ಷಿಕೋತ್ಸವದಲ್ಲಿ ಇಡೀ ಕ್ಲಾಸು ಹಾಡ್ತು, ನಾನು ಪರದೆ ಪಕ್ಕ ಪೆಟ್ಟಿಗೆ ಹಿಡ್ಕೊಂಡು ಕೂತಿದ್ದೆ. ಹಾಡು ಮುಗೀತು, ಚಪ್ಪಾಳೆನೂ ಆಯ್ತು, ಎಲ್ರೂ ಸ್ಟೇಜ್ ಇಳಿದು ಹೋದ್ರು, ನಾನಿನ್ನೂ ಒತ್ತುತ್ತಾನೇ ಇದ್ದೆ. ಮಿಸ್ ಬಂದು ತಿದಿ ಮೇಲೆ ಕೈ ಇಟ್ಟು "ಸಾಕು ಕಣೋ, ಎಲ್ರೂ ಹೋದ್ರು" ಅಂದ್ರು.