ಗಂಡ ಪಿಗ್ಮಿ ದುಡ್ಡು ತಿಂದ್ರೆ ಹೆಂಡತಿ ಯಾಕೆ ಬಾಂಡ್ ಬರೆದುಕೊಡಬೇಕು?

ಹೋದ ವಾರ ಒಂದು ಮದುವೇಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು "ಆ ಪಿಗ್ಮಿ ಏಜೆಂಟ್ ಹೆಂಡ್ತೀನ ನಿಮ್ಮ ಸೊಸೈಟಿಯೋರೇ ಬಿಟ್ಟುಬಿಟ್ರಂತೆ, ಅವ್ಳೇ ಅಲ್ವಾ ಕಾರ್ಡ್ ಬರೀತಿದ್ದಿದ್ದು" ಅಂದ್ರು. ನಮ್ಮ ಸೊಸೈಟಿ ಏಜೆಂಟ್ ಒಬ್ಬ ಜನರ ಪಿಗ್ಮಿ ದುಡ್ಡು ತಿಂದ ಕೇಸ್ ಶುರುವಾದಾಗಿಂದ ಹಾಸನದಲ್ಲಿ ಎಲ್ಲಿಗೆ ಹೋದ್ರೂ ಇದೇ ಮಾತು. ಪಾಯಸ ಬಡಿಸೋ ಹೊತ್ತಲ್ಲಿ ಉತ್ತರ ಕೊಡೋಕಾಗಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ. ನಾನು ಇಲ್ಲಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಅಕೌಂಟೆಂಟು. ಪಿಗ್ಮಿ ಅಂದ್ರೆ ಏಜೆಂಟ್ ದಿನಾ ಬಂದು ಇಸ್ಕೊಂಡು ಹೋಗೋ ಸಣ್ಣ ಉಳಿತಾಯ, ಕಟ್ಟಿದ್ದನ್ನ ಬರ್ಕೊಡೋದು ಕಾರ್ಡಲ್ಲಿ. ಕೇಸ್ ಕೋರ್ಟಲ್ಲಿರೋದ್ರಿಂದ ಯಾರ ಹೆಸರೂ ಬರೆಯಲ್ಲ.

2024ರಲ್ಲಿ ಹಾಸನಾಂಬ ದರ್ಶನಕ್ಕೆ ಊರೆಲ್ಲ ಬ್ಯಾರಿಕೇಡ್ ಹಾಕ್ತಿದ್ದ ಟೈಮು. ಕಟ್ಟಿನಕೆರೆ ಮಾರ್ಕೆಟಲ್ಲಿ ಸೊಪ್ಪು ಮಾರೋ ಅಮ್ಮ ಒಬ್ರು ಮಗಳ ಬಾಣಂತನಕ್ಕೆ ಅಂತ ಪಿಗ್ಮಿ ಕ್ಲೋಸ್ ಮಾಡಿಸೋಕೆ ಬಂದ್ರು. ಕಾರ್ಡಲ್ಲಿ 43,200, ನಮ್ಮ ಸಿಸ್ಟಮಲ್ಲಿ 18,600. ಮೊದಲು ಸಿಂಕ್ ಪ್ರಾಬ್ಲಂ ಇರಬೇಕು ಅಂತ ವೆಂಡರಿಗೆ ಫೋನ್ ಹಚ್ಚಿದೆ, ಯಾಕಂದ್ರೆ ಏಜೆಂಟ್ ಕೈಲಿರೋ ಕಲೆಕ್ಷನ್ ಮಷಿನ್ನು ವಾರಕ್ಕೊಂದ್ಸಲ ಡೇಟಾ ನುಂಗೋದು ಮಾಮೂಲು, ಟಿಕೆಟ್ ಹಾಕಿದ್ರೆ "ಅಪ್ಡೇಟ್ ಮಾಡಿ ಮೇಡಂ" ಅನ್ನೋದು ಬಿಟ್ಟು ಬೇರೆ ಉತ್ತರ ಬಂದಿದ್ದೇ ಇಲ್ಲ. ಆ ಅಮ್ಮ ಕೌಂಟರ್ ಮುಂದೆ ಕಾರ್ಡ್ ಹಿಡ್ಕಂಡು ನಿಂತೇ ಇದ್ರು. ಅದೇ ಏಜೆಂಟಿನ ಇನ್ನೊಂದು ಅಕೌಂಟ್ ತೆಗೆದೆ, ಆಮೇಲೆ ಇನ್ನೊಂದು. ಮೊಬೈಲ್ ನಂಬರ್ ಕಾಲಮ್ಮಲ್ಲಿ ಅರ್ಧಕ್ಕರ್ಧ ಅಕೌಂಟಿಗೆ ಒಂದೇ ನಂಬರ್ ಇದೆ, ಅದು ಆ ಏಜೆಂಟಿಂದೇ. ಅಂದ್ರೆ ಜನ ಕಟ್ಟಿದ ದುಡ್ಡಿನ ಮೆಸೇಜೆಲ್ಲ ಎರಡು ವರ್ಷದಿಂದ ಅವನ ಜೇಬಿಗೇ ಹೋಗ್ತಿತ್ತು. ಒಂದು ನಂಬರ್ ಎಷ್ಟು ಅಕೌಂಟಿಗೆ ಹಾಕಿದ್ರೂ ತಗೊಳ್ಳೋ ಸಾಫ್ಟ್‌ವೇರ್ ಕೊಟ್ಟವರನ್ನ ಇವತ್ತಿಗೂ ಯಾರೂ ಏನೂ ಕೇಳಿಲ್ಲ.

ಅವನು ಮಾಡ್ತಿದ್ದಿದ್ದು ಸರಳ. 200 ಇಸ್ಕೊಂಡು ಮಷಿನ್ನಲ್ಲಿ 100 ಹೊಡೆಯೋದು, "ಬ್ಯಾಟರಿ ಡೌನ್ ಆಗಿದೆ ಅಕ್ಕ, ಸ್ಲಿಪ್ ಬರಲ್ಲ, ಕಾರ್ಡಲ್ಲಿ ಬರ್ಕೊಡ್ತೀನಿ" ಅನ್ನೋದು. ಆ ಕಾರ್ಡುಗಳ ಮೇಲೆ ಗುಂಡಗೆ ಮುತ್ತು ಪೋಣಿಸಿದಂಗೆ ಇರೋ ಅಕ್ಷರ ಅವನದ್ದಲ್ಲ, ಅವನ ಹೆಂಡತೀದು. ಆಯುಧಪೂಜೆಗೆ ಆಫೀಸಿಗೆ ಬಂದಾಗ ನಾವೇ "ಎಷ್ಟು ಚೆಂದ ಬರೀತೀಯಮ್ಮ" ಅಂತ ಹೊಗಳಿದ್ವಿ. ಭಾನುವಾರ ಅವನು ಡೈರಿ ನೋಡಿ ಓದೋದು, ಅವಳು ಕಾರ್ಡಿಗೆ ಟೋಟಲ್ ಹಾಕೋದು. ವಿಷಯ ಹೊರಗೆ ಬಂದ ಅರ್ಧ ಗಂಟೇಲಿ ನಮ್ಮ ಆಫೀಸಿನ ಹೆಂಗಸರೇ ತೀರ್ಪು ಕೊಟ್ಟಾಯ್ತು, "ಒಂದೇ ಮನೇಲಿದ್ದು ಗೊತ್ತಿಲ್ದೆ ಇರುತ್ತಾ, ಅವ್ಳೂ ಸೇರ್ಕಂಡೇ ಮಾಡಿರೋದು" ಅಂತ.

ಏಜೆಂಟ್ ಆ ಸಂಜೆಯಿಂದ ಫೋನ್ ಆಫ್ ಮಾಡ್ಕಂಡು ನಾಪತ್ತೆ. ಮೂರನೇ ದಿನ ಅವಳೊಬ್ಬಳೇ ಆಫೀಸಿಗೆ ಬಂದ್ಳು, ಕೈಲಿ ಒಂದು ಬಟ್ಟೆ ಬ್ಯಾಗು. ಹೊರಗೆ ಹಾಲಲ್ಲಿ ಠೇವಣಿದಾರರು ತುಂಬಿದ್ರು, ಟೀ ಅಂಗಡಿಯೋರು, ಟೈಲರ್ರು, ಬಸ್ ಸ್ಟ್ಯಾಂಡಲ್ಲಿ ಹೂವು ಮಾರೋರು. ಅವರ ಸಿಟ್ಟು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. ಬ್ಯಾಂಕ್ ಮುಳುಗಿದ್ರೆ 5 ಲಕ್ಷದವರೆಗೆ ಇನ್ಶೂರೆನ್ಸ್ ಇದೆ, 2020ರ ಫೆಬ್ರವರಿಯಿಂದ ಅಷ್ಟಾಗಿದೆ, ಆದ್ರೆ ನಮ್ಮಂಥ ಪತ್ತಿನ ಸಂಘಗಳಿಗೆ ಅದು ಇಲ್ಲವೇ ಇಲ್ಲ. ಆ ಜನಕ್ಕೆ ಇದನ್ನ ಅಕೌಂಟ್ ಓಪನ್ ಮಾಡೋವಾಗ ಯಾರು ಹೇಳಿದ್ರು? ಅವತ್ತು ಗೊತ್ತಾಗಿ ಒಬ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ರು.

ಅವಳನ್ನ ಪ್ರೆಸಿಡೆಂಟ್ ಚೇಂಬರಿಗೆ ಕರ್ಕೊಂಡು ಹೋದ್ರು. ಒಳಗೆ ಪ್ರೆಸಿಡೆಂಟು, ಸೆಕ್ರೆಟರಿ, ಒಬ್ರು ಡೈರೆಕ್ಟರು, ಬಾಗಿಲಲ್ಲಿ ಠೇವಣಿದಾರರ ಕಡೆಯಿಂದ ಇಬ್ಬರು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದ್ರು, ನುಡಿ ಸಾಫ್ಟ್‌ವೇರಲ್ಲಿ ಕನ್ನಡ ವೇಗವಾಗಿ ಟೈಪ್ ಮಾಡೋದು ನಾನೇ ಅಂತ. ಇ-ಸ್ಟಾಂಪ್ ಪೇಪರ್ ಆಗಲೇ ತರಿಸಿ ಇಟ್ಟಿದ್ರು. ಸೆಕ್ರೆಟರಿ ಹೇಳ್ತಾ ಹೋದ್ರು, ನಾನು ಹೊಡೀತಾ ಹೋದೆ. ನನ್ನ ಗಂಡ ದುರುಪಯೋಗ ಮಾಡಿದ ಹಣಕ್ಕೆ ನಾನೂ ಸಮಾನ ಜವಾಬ್ದಾರಳಾಗಿದ್ದು, ನನ್ನ ಹೆಸರಿನಲ್ಲಿರುವ ನಿವೇಶನವನ್ನು ಸಂಘಕ್ಕೆ ಆಧಾರವಾಗಿ, ಹಿಂಗೆ. ಆ ಸೈಟು ಅವಳ ಅಪ್ಪ 2014ರಲ್ಲಿ ದಾನಪತ್ರ ಮಾಡಿಕೊಟ್ಟಿದ್ದು, ಗಂಡ ನಮ್ಮಲ್ಲಿ ಏಜೆಂಟ್ ಆಗೋಕೂ ಎಷ್ಟೋ ಮುಂಚೆ. ಅವಳು ಅದನ್ನ ಎರಡು ಸಲ ಹೇಳಿದ್ಳು. ಡೈರೆಕ್ಟರು "ಹಂಗಾದ್ರೆ ಈ ಜನಕ್ಕೆ ನೀನೇ ಹೋಗಿ ಉತ್ತರ ಹೇಳು, ಬಾಗ್ಲು ತೆಗಿಸ್ತೀನಿ" ಅಂದ್ರು. ಹೊರಗಿಂದ ಬಾಗಿಲು ದಬದಬ ಬಡೀತಿದ್ರು. ಅವಳು "ನಮ್ಮಣ್ಣ ಸಕಲೇಶಪುರದಿಂದ ಬರ್ತಾವ್ನೆ, ಅವ್ನು ಬರೋಗಂಟ ಇರಿ" ಅಂದ್ಳು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಸೆಕ್ರೆಟರಿ ಕೊನೇ ಸಾಲು ಹೇಳಿದ್ರು, "ಈ ಪತ್ರವನ್ನು ಸ್ವಇಚ್ಛೆಯಿಂದ, ಯಾರ ಒತ್ತಡಕ್ಕೂ ಒಳಗಾಗದೆ ಬರೆದುಕೊಟ್ಟಿರುತ್ತೇನೆ."

ನನ್ನ ಕೈ ಅಲ್ಲೇ ನಿಂತೋಯ್ತು. ಈ ಸಾಲನ್ನ ನಾನು ಸಾಲದ ಪೇಪರಲ್ಲಿ ಲೆಕ್ಕವಿಲ್ಲದಷ್ಟು ಸಲ ಟೈಪ್ ಮಾಡಿದ್ದೀನಿ, ಏನೂ ಅನಿಸಿರಲಿಲ್ಲ. ಅವತ್ತು ಎದುರಿಗೆ ಕೂತವಳ ಕೈ ನಡುಗ್ತಿದೆ, ಬಾಗಿಲಾಚೆ ಜನ ಕೂಗ್ತಿದ್ದಾರೆ, ಡೈರೆಕ್ಟರ್ ಅವಳ ತಲೆ ಮೇಲೆ ನಿಂತಿದ್ದಾರೆ, ನಾನು ಒತ್ತಡ ಇಲ್ಲ ಅಂತ ಟೈಪ್ ಮಾಡಬೇಕು. "ಯಾಕಮ್ಮ ನಿಲ್ಲಿಸ್ಬಿಟ್ಟೆ" ಅಂದ್ರು. ಬಾಯಿ ಒಣಗಿತ್ತು. ಕೆಲಸ ಹೋದ್ರೆ ಮನೆ ಲೋನ್ ಕಂತು ಯಾರು ಕಟ್ತಾರೆ ಅನ್ನೋದೂ ತಲೇಲಿ ಬಂತು, ಸುಳ್ಳು ಯಾಕೆ ಹೇಳ್ಲಿ. ಬೇರೆ ಏನೂ ವಾದ ಮಾಡೋಕೆ ತೋಚಲಿಲ್ಲ, "ಸಾರ್, ಏಜೆಂಟ್ ಜಾಮೀನು ಫೈಲ್ ತಂದ್ಬಿಡ್ತೀನಿ, ಜಾಮೀನುದಾರರಿಗೆ ಮೊದಲು ನೋಟಿಸ್ ಹೋಗಬೇಕಲ್ವಾ" ಅಂದೆ.

ರೂಮೆಲ್ಲ ಗಪ್‌ಚುಪ್. ಯಾಕಂದ್ರೆ ಏಜೆಂಟಿಗೆ ಹೊಣೆ ನಿಂತು ಸಹಿ ಹಾಕಿದ್ದ ಜಾಮೀನುದಾರರಲ್ಲಿ ಒಬ್ರು ಅದೇ ಡೈರೆಕ್ಟರ್ ಭಾವಮೈದ. ಪ್ರೆಸಿಡೆಂಟ್ ನನ್ನ ಮುಖ ನೋಡಿದ್ರು, ಡೈರೆಕ್ಟರ್ ಮುಖ ನೋಡಿದ್ರು, ಆಮೇಲೆ ಫೈಲ್ ತರಿಸಿದ್ರು. ಅದರಲ್ಲಿ ಇಬ್ಬರ ಸಹಿ ಇತ್ತು, ಹೆಂಡತಿ ಸಹಿ ಎಲ್ಲೂ ಇರಲಿಲ್ಲ, ಅವಳು ಸಂಘದ ಸದಸ್ಯೆಯೂ ಅಲ್ಲ. ಲೀಗಲ್ ಅಡ್ವೈಸರಿಗೆ ಸ್ಪೀಕರಲ್ಲಿ ಫೋನ್ ಹೋಯ್ತು. ಅವರು ಪೂರ್ತಿ ಕೇಳಿಸ್ಕೊಳ್ಳೋಕೂ ಮುಂಚೆ ಬೈದ್ರು. "ಜನಾನ ಬಾಗ್ಲಲ್ಲಿ ನಿಲ್ಸಿ ಬರೆಸ್ಕೊಂಡ ಪತ್ರ ಕಾಂಟ್ರಾಕ್ಟ್ ಆಕ್ಟ್ ಮುಂದೆ ಒಂದಿನಾನೂ ನಿಲ್ಲಲ್ಲ, ಮೇಲಿಂದ ನಿಮ್ಮ ಮೇಲೇ ಕಂಪ್ಲೇಂಟ್ ಆಗುತ್ತೆ, ಆ ಹೆಣ್ಣುಮಗಳನ್ನ ಮೊದ್ಲು ಹಿಂದಿನ ಬಾಗ್ಲಿಂದ ಮನೆಗೆ ಕಳಿಸಿ" ಅಂದ್ರು.

ಹೋಗೋ ಮುಂಚೆ ಅವಳು ಆ ಬಟ್ಟೆ ಬ್ಯಾಗ್ ನನ್ನ ಟೇಬಲ್ ಮೇಲಿಟ್ಳು. ಒಳಗೆ ಗಂಡನ ಡೈರಿಗಳು, ಎರಡು ವರ್ಷದ್ದು. ಯಾರೂ ಕೇಳಿರಲಿಲ್ಲ, ತಾನೇ ತಂದಿದ್ಳು.

ಆ ಡೈರಿ ಮತ್ತೆ ಅವಳು ಬರೆದ ಕಾರ್ಡು ಇಟ್ಕೊಂಡು ನಾವು ರಾತ್ರಿ ಹಗಲು ಟ್ಯಾಲಿ ಮಾಡಿದ್ವಿ. ಡೈರಿಗೂ ಕಾರ್ಡಿಗೂ ಒಂದು ರೂಪಾಯಿ ವ್ಯತ್ಯಾಸ ಇಲ್ಲ. ಸುಳ್ಳು ಇದ್ದಿದ್ದು ನಮ್ಮ ಮಷಿನ್ ಡೇಟಾದಲ್ಲಿ, ನಮ್ಮ ಸಿಸ್ಟಮಲ್ಲಿ, ನಾವು ದಿನಾ ಸಂಜೆ ಪ್ರಿಂಟ್ ತೆಗೆದು ಸೆಕ್ರೆಟರಿ ಸಹಿ ಹಾಕಿಸ್ತಿದ್ದ ಕಲೆಕ್ಷನ್ ಶೀಟಲ್ಲಿ. ಸೇರ್ಕಂಡು ಕದಿಯೋಳು ಕದ್ದ ದುಡ್ಡಿನ ಸರಿಯಾದ ಲೆಕ್ಕಾನ ಕಳಕೊಂಡೋರ ಕೈಗೇ ಯಾಕೆ ಬರ್ದು ಕೊಡ್ತಾಳೆ? ಸೊಪ್ಪಿನ ಅಮ್ಮಂದು 43,200 ಅಂತ ಇವತ್ತು ಸಹಕಾರ ಸಂಘಗಳ ಕಾಯ್ದೆ ಸೆಕ್ಷನ್ 64ರ ವಿಚಾರಣೇಲಿ ಒಪ್ಕೊಂಡಿದ್ದಾರೆ ಅಂದ್ರೆ ಅದು ಆ ಗುಂಡಗಿನ ಅಕ್ಷರದಿಂದ.

ಪೊಲೀಸ್ ಕಡೆ ಏನಾಯ್ತು ಅಂತಲೂ ಕೇಳ್ತಾರೆ. 2024ರ ಜುಲೈ 1ಕ್ಕಿಂತ ಮುಂಚಿನದಕ್ಕೆ ಐಪಿಸಿ 409, ಆಮೇಲಿಂದಕ್ಕೆ ಐಪಿಸಿ ಬದಲಿಗೆ ಬಂದ ಬಿಎನ್‌ಎಸ್ 316(5), ಎರಡೂ ಹಾಕಿದ್ರು. ಅದು ನಂಬಿಕೆ ಇಟ್ಟು ಒಪ್ಪಿಸಿದ ದುಡ್ಡಿಗೆ ಮೋಸ ಮಾಡಿದ ಏಜೆಂಟಿಗೆ ಬರೋ ಸೆಕ್ಷನ್ನು. ದುಡ್ಡು ಒಪ್ಪಿಸಿದ್ದು ಅವನಿಗೆ, ಅವಳಿಗಲ್ಲ. ಅವಳನ್ನ ಸೇರಿಸಬೇಕು ಅಂದ್ರೆ ಗೊತ್ತಿದ್ದೂ ಕೈ ಜೋಡಿಸಿದ್ಳು ಅಂತ ತೋರಿಸಬೇಕು, ಇಲ್ಲಾ ಇದು ಕದ್ದ ದುಡ್ಡು ಅಂತ ಗೊತ್ತಿದ್ದೋ, ಹಂಗೆ ನಂಬೋಕೆ ಕಾರಣ ಇದ್ದೋ ಇಟ್ಕೊಂಡ್ಳು ಅಂತ ತೋರಿಸಬೇಕು. ಒಂದೇ ಮನೇಲಿ ಮಲಗ್ತಿದ್ಳು ಅನ್ನೋದು ಯಾವ ಸೆಕ್ಷನ್ನೂ ಅಲ್ಲ. ಹಂಗಂತ ಹೆಂಡತಿ ಅಂದ ತಕ್ಷಣ ಬಚಾವ್ ಅಂತಲೂ ಇಲ್ಲ. ಸರ್ಕಾರಿ ನೌಕರರ ಅಕ್ರಮ ಆಸ್ತಿ ಕೇಸಲ್ಲಿ ಪ್ರಚೋದನೆ ಕೊಟ್ಟ, ಬೇನಾಮಿಗೆ ಹೆಸರು ಕೊಟ್ಟ ಮನೆಯವರನ್ನೂ ಆರೋಪಿ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ನಲ್ಲಮ್ಮಾಳ್ ಕೇಸಲ್ಲಿ ಹೇಳಿದೆ, ಅದು ಸರಿಯಾಗೇ ಇದೆ. ಗಂಡ ಲಂಚ ತಂದಾಗ ಬೀರು ಬಾಗಿಲು ತೆಗೆದು ಹಿಡಿಯೋಳು ಬೇರೆ, ಗಂಡ ಓದಿದ ನಂಬರ್ ನಂಬಿ ಬರೆಯೋಳು ಬೇರೆ. ಆ ವ್ಯತ್ಯಾಸ ನೋಡದೆ ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ರೆ ಅದು ನ್ಯಾಯ ಅಲ್ಲ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. "ಗಂಡ ನಿನಗೆ ಏನು ಹೇಳ್ದ ಬಾಯ್ಬಿಡು" ಅಂತ ಹೆಂಡತೀನ ಕೋರ್ಟಲ್ಲಿ ಬಲವಂತ ಮಾಡೋ ಹಂಗಿಲ್ಲ, ಮದುವೆಯಾದೋರು ಒಬ್ರಿಗೊಬ್ರು ಆಡಿದ ಮಾತಿಗೆ ಹಳೇ ಎವಿಡೆನ್ಸ್ ಆಕ್ಟಲ್ಲೂ ರಕ್ಷಣೆ ಇತ್ತು, ಈಗಿನ ಹೊಸ ಕಾನೂನಲ್ಲೂ ಇದೆ. ಆದ್ರೆ ಅವಳು ಕಣ್ಣಾರೆ ನೋಡಿದ್ದು, ಕೈಯಾರೆ ಬರೆದಿದ್ದು ಆ ರಕ್ಷಣೆಗೆ ಬರಲ್ಲ. ಅವಳು ಬಚ್ಚಿಡಬೇಕು ಅಂದಿದ್ರೆ ಆ ಡೈರಿ ಒಲೆಗೆ ಹಾಕೋಕೆ ಮೂರು ದಿನ ಟೈಮ್ ಇತ್ತು.

ಠೇವಣಿದಾರರ ಮೀಟಿಂಗಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ರು ಎದ್ದು ವಾಲ್ಮೀಕಿ ಕಥೆ ಹೇಳಿದ್ರು, ದುಡ್ಡಲ್ಲಿ ಪಾಲು ಬೇಕು ಪಾಪದಲ್ಲಿ ಬೇಡ ಅಂದ್ಳಲ್ಲ ಹೆಂಡ್ತಿ, ಇವ್ಳೂ ಹಂಗೇ ಅಂತ. ಎಲ್ಲ ಚಪ್ಪಾಳೆ ಹೊಡೆದ್ರು. ನನಗೆ ಆ ಕಥೇಲಿ ಬೇರೆ ಕಾಣುತ್ತೆ. ಅಲ್ಲಿ ಅವನು ಮನೆಗೆ ಹೋಗಿ ಕೇಳ್ದ. ಇಲ್ಲಿ ಇವನು ಕೇಳಲೇ ಇಲ್ಲ. ಆಲೂರು ಕಡೆ ಗದ್ದೆ ಲೀಸಿಗೆ ಹಾಕ್ಕೊಂಡು ಶುಂಠಿ ಹಾಕಿದ್ದ, 2023ರಲ್ಲಿ ರೇಟ್ ಏರಿದ್ದು ನೋಡಿ ಇನ್ನಷ್ಟು ಲೀಸ್ ಮಾಡ್ದ, ಮುಂದಿನ ವರ್ಷ ಕೊಳೆರೋಗ ಬಂತು, ರೇಟೂ ಬಿತ್ತು, 60 ಕೆಜಿ ಚೀಲ ಕಿತ್ತ ಕೂಲಿಗೂ ಸಾಲದಂಗಾಯ್ತು. ಮನೇಲಿ ಮಾತ್ರ ಸೊಸೈಟಿಯಿಂದ ಸಾಲ ತಗೊಂಡಿದ್ದೀನಿ ಅಂದಿದ್ದ. ಸೊಸೈಟಿ ಜೊತೆ ಓಡಾಡೋ ಗಂಡನಿಗೆ ಸೊಸೈಟಿ ಸಾಲ ಕೊಟ್ಟಿದೆ ಅಂದ್ರೆ ಯಾವ ಹೆಂಡತಿ ಅನುಮಾನ ಪಡ್ತಾಳೆ ಹೇಳಿ. ನನ್ನ ಮನೆಯವರ ಪಿಎಫ್ ಎಷ್ಟಿದೆ, ಕ್ರೆಡಿಟ್ ಕಾರ್ಡ್ ಬಾಕಿ ಎಷ್ಟು ಅಂತ ಅಕೌಂಟೆಂಟ್ ಆದ ನನಗೇ ಗೊತ್ತಿಲ್ಲ. ಅವತ್ತು "ಗೊತ್ತಿಲ್ದೆ ಇರುತ್ತಾ" ಅಂದ ಒಬ್ಬೊಬ್ಬರನ್ನೂ ಕರೆದು ಗಂಡನ ಸಂಬಳ ಎಷ್ಟು ಹೇಳಿ ಅಂತ ಕೇಳೋ ಸಿಟ್ಟು ಬಂದಿತ್ತು.

ಒಂದು ಕಡೆ ಮಾತ್ರ ನಾನು ಠೇವಣಿದಾರರ ಪರ. 2023ರಲ್ಲಿ ಅವಳ ಹೆಸರಲ್ಲಿ ಒಂದು ಸ್ಕೂಟರ್ ಬಂದಿತ್ತು. ಅದು ಈ ದುಡ್ಡಿಂದಲೇ ಬಂದಿದ್ದು ಅಂತ ಡೈರೀಲೇ ಸಿಕ್ತು. ಅದು ಹೋಗಬೇಕು, ಅವಳಿಗೆ ಗೊತ್ತಿತ್ತೋ ಇಲ್ವೋ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ, ಸೊಪ್ಪು ಮಾರಿದ ದುಡ್ಡು ಅದು. ತಿಳೀತಿದ್ದಂಗೆ ಅವಳೇ ಆರ್‌ಸಿ, ಕೀ ತಂದು ಸ್ಟೇಷನ್ನಿಗೆ ಕೊಟ್ಳು. ಸೈಟಿಗೂ ಸ್ಕೂಟರಿಗೂ ಇರೋ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮ ಕಮಿಟಿಗೆ ಅದನ್ನ ಅರ್ಥ ಮಾಡಿಸೋಕೆ ವಕೀಲರು ಬರಬೇಕಾಯ್ತು.

ಜನರಲ್ ಬಾಡೀಲಿ ಸೆಕ್ರೆಟರಿ ಹೇಳಿದ್ದು ಏನು ಗೊತ್ತಾ, "ಪಿಗ್ಮಿ ಅನ್ನೋದು 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನೋರು ಶುರು ಮಾಡಿದಾಗಿಂದ ನಂಬಿಕೆ ಮೇಲೇ ನಡೀತಿರೋದು" ಅಂತ. ನಂಬಿಕೆ ಸರಿ, ಆದ್ರೆ ಮೂರು ತಿಂಗಳಿಗೊಮ್ಮೆ ಠೇವಣಿದಾರರಿಗೆ ನೇರ ಬಾಕಿ ದೃಢೀಕರಣ ಪತ್ರ ಕಳಿಸಬೇಕು ಅಂತ ಆಡಿಟರ್ ಸತತವಾಗಿ ಬರೀತಾನೇ ಬಂದಿದ್ರು, ಉತ್ತರದ ಕಾಲಮ್ಮಲ್ಲಿ "ಕ್ರಮ ವಹಿಸಲಾಗುವುದು" ಅಂತ ಬರೆದು ಮುಚ್ಚಿಟ್ಟಿದ್ದಾರೆ. ನೋಡಬೇಕಾದೋರಿಗೆ ಸಂಬಳ, ಸಿಟ್ಟಿಂಗ್ ಫೀಸು, ಕಾರು ಎಲ್ಲಾ ಇತ್ತು. ಅವರು ಯಾರೂ ನೋಡಲಿಲ್ಲ. ಭಾನುವಾರ ಅಡುಗೆ ಮುಗಿಸಿ ಕಾರ್ಡ್ ಬರೀತಿದ್ದೋಳು ಯಾಕೆ ಕಂಡುಹಿಡೀಲಿಲ್ಲ ಅಂತ ಎಲ್ಲ ಕೇಳ್ತಾರೆ.

ಈಗ ಒಂದು ಮೊಬೈಲ್ ನಂಬರಿಗೆ ಒಂದೇ ಮನೆಯ ಅಕೌಂಟು ಅಂತ ರೂಲ್ ಆಗಿದೆ, ಏಜೆಂಟಿನ ರೂಟ್ ಆರು ತಿಂಗಳಿಗೊಮ್ಮೆ ಬದಲಾಗುತ್ತೆ, ಬಾಕಿ ಪತ್ರಗಳನ್ನ ನಾನೇ ಮಾರ್ಕೆಟಿಗೆ ಹೋಗಿ ಕೈಗೆ ಕೊಟ್ಟು ಸಹಿ ಹಾಕಿಸ್ಕೊಂಡು ಬರ್ತೀನಿ. ಜಾಮೀನುದಾರರಲ್ಲಿ ಒಬ್ರು ತಮ್ಮ ಪಾಲು ಕಂತಲ್ಲಿ ಕಟ್ತಿದ್ದಾರೆ. ಡೈರೆಕ್ಟರ್ ಭಾವಮೈದ ನೋಟಿಸ್ ತಗೊಂಡಿದ್ದಾರೆ, ಇನ್ನೂ ಒಂದು ರೂಪಾಯಿ ಕಟ್ಟಿಲ್ಲ. ಮದುವೆ ಮನೇಲಿ ಸಿಕ್ಕಾಗ ಕೇಳೋದಿದ್ರೆ ಅವರನ್ನ ಕೇಳಿ.