ಮೂರನೇ ಡಿಸ್ಕ್

ಶನಿವಾರ ಬೆಳಗ್ಗೆ ಫೋನ್ ಬಂತು. ಜೊತೆಯಲ್ಲಿ ಕೆಲಸ ಮಾಡುವ ಹುಡುಗ. "ಸರ್, ಸ್ಟೋರೇಜ್ ಓಪನ್ ಆಗ್ತಿಲ್ಲ. ಎರಡು ಕೆಂಪು ಲೈಟ್ ಇದೆ" ಅಂದ. ಒಂದು ಅಂದಿದ್ದರೆ ಇಷ್ಟು ಗಾಬರಿ ಆಗುತ್ತಿರಲಿಲ್ಲ. ಎರಡು ಅಂದ ಕೂಡಲೇ ಎದೆ ಧಸಕ್ಕೆಂದಿತು.

ನಮ್ಮದು ಚಿಕ್ಕ ತಂಡ. ಹಿರಿಯರನ್ನು ಮಾತಾಡಿಸಿ, ಅವರ ನೆನಪುಗಳನ್ನು ರೆಕಾರ್ಡ್ ಮಾಡಿ ಇಡುವ ಕೆಲಸ. ಒಂಬತ್ತು ವರ್ಷದ ಸುಮಾರು 2,600 ರೆಕಾರ್ಡಿಂಗ್, ಜೊತೆಗೆ ವಿಡಿಯೋ, ಸ್ಕ್ಯಾನ್ ಮಾಡಿದ ಫೋಟೋಗಳು. ಒಟ್ಟು 7 ಟಿಬಿ. ಇದೆಲ್ಲ ಇದ್ದದ್ದು ನಾಲ್ಕು ಡಿಸ್ಕಿನ ಒಂದು ಪೆಟ್ಟಿಗೆಯಲ್ಲಿ. ಒಂದೊಂದು ಡಿಸ್ಕ್ 4 ಟಿಬಿ. ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವ ರೈಡ್ ಎಂಬ ವಿಧಾನದಲ್ಲಿ ಜೋಡಿಸಿದ್ದೆವು, ಅದರಲ್ಲೂ ರೈಡ್ 5. ಬ್ಯಾಕಪ್ ಇತ್ತು. ಆದರೆ ಬ್ಯಾಕಪ್ ಡಿಸ್ಕ್ ತುಂಬಿದ ಮೇಲೆ ಹೊಸದು ಜೋಡಿಸುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಅಂದರೆ ಕೊನೆಯ ಕೆಲವು ವರ್ಷದ ಕೆಲಸಕ್ಕೆ ಈ ಪೆಟ್ಟಿಗೆ ಬಿಟ್ಟರೆ ಬೇರೆ ಗತಿ ಇರಲಿಲ್ಲ.

ರೈಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಅದರ ಲೆಕ್ಕ ತುಂಬಾ ಸರಳ. ನಾಲ್ಕೂ ಡಿಸ್ಕಿನಲ್ಲಿ ಒಂದೇ ಜಾಗದ ಬಿಟ್‌ಗಳನ್ನು ನೋಡಿದರೆ, ಅಲ್ಲಿರುವ 1ಗಳ ಸಂಖ್ಯೆ ಯಾವಾಗಲೂ ಸಮ ಇರುತ್ತದೆ. ಹಾಗೆ ಬರಲಿ ಅಂತಲೇ ನಾಲ್ಕರಲ್ಲೊಂದು ಭಾಗವನ್ನು ಪ್ಯಾರಿಟಿಗೆ, ಅಂದರೆ ಲೆಕ್ಕ ಸಮ ಮಾಡುವ ಬಿಟ್‌ಗಳಿಗೆ, ಮೀಸಲಿಟ್ಟಿರುತ್ತದೆ. ಒಂದು ಡಿಸ್ಕ್ ಇಲ್ಲದಿದ್ದರೆ ಉಳಿದ ಮೂರನ್ನು ಎಣಿಸಿ ನಾಲ್ಕನೆಯದರಲ್ಲಿ ಏನಿತ್ತು ಅಂತ ಹೇಳಬಹುದು. ಎರಡು ಇಲ್ಲದಿದ್ದರೆ ಹೇಳಲು ಬರುವುದಿಲ್ಲ. ಅಷ್ಟೇ.

ನಾನು ಹೋಗುವ ಹೊತ್ತಿಗೆ ಹುಡುಗ ಪೆಟ್ಟಿಗೆಯ ಮುಂದೆ ಕೂತಿದ್ದ. ಪರದೆಯ ಮೇಲೆ ಒಂದು ಪ್ರಶ್ನೆ ಇತ್ತು: ಡಿಸ್ಕ್‌ಗಳನ್ನು ಇನಿಷಿಯಲೈಸ್ ಮಾಡಬೇಕೇ? ಅಂದರೆ ಇದ್ದದ್ದನ್ನು ಬಿಟ್ಟು ಹೊಸದಾಗಿ ಸಿದ್ಧ ಮಾಡಬೇಕೇ ಅಂತ. ಅವನು ಒತ್ತಿರಲಿಲ್ಲ. "ನೀವು ಬರೋ ತನಕ ಏನೂ ಮುಟ್ಟಬಾರದು ಅನ್ನಿಸ್ತು ಸರ್" ಅಂದ. ಆ ದಿನ ಅತಿ ದೊಡ್ಡ ಕೆಲಸ ಮಾಡಿದವನು ಅವನೇ. ಆ ಬಟನ್ ಒತ್ತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೊದಲು ಪೆಟ್ಟಿಗೆಯನ್ನು ಆಫ್ ಮಾಡಿದೆವು. ಡಿಸ್ಕ್‌ಗಳನ್ನು ಎಳೆಯುವ ಮುಂಚೆ ಒಂದೊಂದರ ಮೇಲೂ ಎಷ್ಟನೇ ಜಾಗದ್ದು ಅಂತ ಪೆನ್ನಿನಲ್ಲಿ ಬರೆದೆವು. ಆಮೇಲೆ ಒಂದೊಂದನ್ನೇ ಬೇರೆ ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಕಿವಿಗೊಟ್ಟು ಕೇಳಿದೆ. ಡಿಸ್ಕ್ ಟಕ್ ಟಕ್ ಅಂತ ಬಡಿಯುತ್ತಿದ್ದರೆ ಅದರ ತಲೆ, ಅಂದರೆ ತಟ್ಟೆಯಿಂದ ಓದುವ ಹೆಡ್, ಕೆಟ್ಟಿದೆ ಅಂತ ಅರ್ಥ. ಆಗ ತಕ್ಷಣ ಕರೆಂಟ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವವರ ಹತ್ತಿರ ಒಯ್ಯಬೇಕು. ನಾವೇ ಓದಿಸಲು ಹೋದರೆ ತಲೆ ತಟ್ಟೆಯನ್ನು ಕೆರೆದು ಇದ್ದದ್ದೂ ಹೋಗುತ್ತದೆ. ನಮ್ಮ ನಾಲ್ಕೂ ಡಿಸ್ಕ್ ಸದ್ದಿಲ್ಲದೆ ತಿರುಗಿದವು. ಅಲ್ಲಿಗೆ ಸ್ವಲ್ಪ ಉಸಿರು ಬಂತು.

ಈ ಪೆಟ್ಟಿಗೆಯೊಳಗೆ ಇದ್ದದ್ದು ಲಿನಕ್ಸಿನ ಸಾಫ್ಟ್‌ವೇರ್ ರೈಡ್. ಅದು ಪ್ರತಿ ಡಿಸ್ಕಿನ ಶುರುವಿನಲ್ಲಿ ಒಂದು ಪುಟ್ಟ ದಾಖಲೆ ಬರೆದಿಟ್ಟಿರುತ್ತದೆ: ನಾನು ಯಾವ ಗುಂಪಿನವನು, ಎಷ್ಟನೆಯವನು, ಕೊನೆಗೆ ಯಾವಾಗ ಬರೆಸಿಕೊಂಡೆ. ಜೊತೆಗೆ ಒಂದು ಎಣಿಕೆ, ಈವೆಂಟ್ಸ್ ಅಂತ. ಗುಂಪಿನಲ್ಲಿ ಏನಾದರೂ ಬದಲಾದಾಗ ಆ ಎಣಿಕೆ ಏರುತ್ತದೆ. ಹೊರಗೆ ಬಿದ್ದ ಡಿಸ್ಕಿನ ಎಣಿಕೆ ಬಿದ್ದಲ್ಲೇ ನಿಲ್ಲುತ್ತದೆ. ಓದಿ ನೋಡಿದೆ. ಒಂದನೇ ಮತ್ತು ನಾಲ್ಕನೇ ಡಿಸ್ಕ್: 48,213. ಎರಡನೆಯದು: 48,209. ಮೂರನೆಯದು: 31,877.

ಎರಡನೇ ಡಿಸ್ಕ್ ಬಿದ್ದದ್ದು ಹಿಂದಿನ ರಾತ್ರಿ. ಮೂರನೆಯದು ಬಿದ್ದು 71 ದಿನ ಆಗಿತ್ತು.

ಅಷ್ಟೂ ದಿನ ಆ ಪೆಟ್ಟಿಗೆ ಮೂರೇ ಡಿಸ್ಕಿನಲ್ಲಿ ನಡೆದಿತ್ತು, ಯಾವ ಆಸರೆಯೂ ಇಲ್ಲದೆ. ಅದು ಎಚ್ಚರಿಕೆಯ ಮೇಲ್ ಕಳಿಸಿತ್ತು ಕೂಡ. ಆದರೆ ಆ ವಿಳಾಸವನ್ನು ಈಗ ಯಾರೂ ತೆರೆಯುವುದಿಲ್ಲ. ಬದಲಾಯಿಸಬೇಕಾದವನು ನಾನು. ಪೆಟ್ಟಿಗೆ ಇದ್ದದ್ದು ಒಳಕೋಣೆಯಲ್ಲಿ, ಅದರ ಲೈಟ್ ನೋಡಲು ಯಾರೂ ಹೋಗುತ್ತಿರಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಇಲ್ಲೇ ಒಂದು ವಿಚಿತ್ರ ಎದುರಾಯಿತು. ಮೂರನೇ ಡಿಸ್ಕ್ ಪೂರ್ತಿ ಆರೋಗ್ಯವಾಗಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್, ಅಂದರೆ ಮಾಹಿತಿ ಇಡುವ ಪುಟ್ಟ ಖಾನೆ, ಒಂದೂ ಇಲ್ಲ. ಮಾಹಿತಿ ಡಿಸ್ಕಿಗೂ ಪೆಟ್ಟಿಗೆಗೂ ನಡುವೆ ಸಾಗುವಾಗ ಆಗುವ ಸಿಆರ್‌ಸಿ ತಪ್ಪುಗಳು ಮಾತ್ರ ಸಿಕ್ಕಾಪಟ್ಟೆ. ಅಂದರೆ ಡಿಸ್ಕ್ ಕೆಟ್ಟಿಲ್ಲ, ಜೋಡಣೆ ಸಡಿಲವಾಗಿ ಹೊರಗೆ ಬಿದ್ದಿದೆ. ಎರಡನೆಯದರ ಕಥೆ ಬೇರೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು 136. ಅಂಥ ಒಂದು ಜಾಗಕ್ಕೆ ಬಂದಾಗ ಸಾಧಾರಣ ಡಿಸ್ಕ್ ಬಿಡದೆ ಮತ್ತೆ ಮತ್ತೆ ಓದಲು ನೋಡುತ್ತದೆ. ಲಿನಕ್ಸ್ 30 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಡಿಸ್ಕ್ ಸತ್ತಿದೆ ಅಂದುಕೊಂಡು ಹೊರಗೆ ಹಾಕಿಬಿಡಬಹುದು. ನಮ್ಮಲ್ಲಿ ಆದದ್ದು ಇದೇ.

"ಮೂರನೇದು ಚೆನ್ನಾಗಿದೆಯಲ್ಲ ಸರ್. ಅದನ್ನೇ ಸೇರಿಸಿದ್ರೆ ಮೂರು ಆಯ್ತು, ಓಪನ್ ಆಗುತ್ತೆ ಅಲ್ವಾ?" ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬಲವಂತ ಮಾಡಿದರೆ ಅದು ಸೇರಿಕೊಳ್ಳುತ್ತದೆ. ಆದರೆ ಆಗ ನಮ್ಮ ಕೈಗೆ ಬರುವುದು ಮೂರರಲ್ಲಿ ಒಂದು ಪಾಲು 71 ದಿನ ಹಳೆಯದಾದ, ಉಳಿದದ್ದು ಹೊಸದಾದ ಕಲಸುಮೇಲೋಗರ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಒಂದಕ್ಕೊಂದು ತಾಳೆ ಆಗುವುದಿಲ್ಲ. ಅದರ ಮೇಲೆ ಫೈಲ್ ಸಿಸ್ಟಂ ರಿಪೇರಿ ಓಡಿಸಿದರೆ ಸರಿ ಇರುವುದನ್ನೂ ತಪ್ಪು ಅಂದುಕೊಂಡು ಅಳಿಸುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಕಾಯಿಲೆ ಬಿದ್ದ ಎರಡನೆಯದು. ಗಟ್ಟಿಯಾಗಿದ್ದ ಮೂರನೆಯದನ್ನು ಪಕ್ಕಕ್ಕೆ ಇಟ್ಟೆವು. ಎಸೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹೊಸ ಡಿಸ್ಕ್ ತಂದೆವು. ಮೂಲ ಡಿಸ್ಕ್‌ಗಳ ಮೇಲೆ ಒಂದು ಬೈಟ್ ಕೂಡ ಬರೆಯಬಾರದು, ಎಲ್ಲ ಪ್ರಯೋಗವೂ ಪ್ರತಿಗಳ ಮೇಲೆ ಅಂತ ತೀರ್ಮಾನ ಮಾಡಿದೆವು. ಒಳ್ಳೆಯ ಡಿಸ್ಕ್ ಒಂದರ ಪ್ರತಿ ಆಗಲು ಏಳೆಂಟು ಗಂಟೆ. ಎರಡನೆಯದಕ್ಕೆ ಡಿಡಿರೆಸ್ಕ್ಯೂ ಹಾಕಿದೆ. ಈ ಪುಟ್ಟ ಪ್ರೋಗ್ರಾಂ ಬಗ್ಗೆ ನನಗೆ ಬಹಳ ಪ್ರೀತಿ. ಅದು ಮೊದಲು ಸುಲಭವಾಗಿ ಓದಲು ಸಿಗುವುದನ್ನೆಲ್ಲ ತೆಗೆದುಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಅಲ್ಲಿ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ. ಬಿಟ್ಟದ್ದನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಕೊನೆಗೆ ಆ ಜಾಗಗಳಿಗೆ ವಾಪಸ್ ಬಂದು ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ಸರಿಯಾದ ಕ್ರಮ ಇಲ್ಲ. ನಡುವೆ ನಿಲ್ಲಿಸಿದರೂ ನಕ್ಷೆ ಇರುವುದರಿಂದ ಬಿಟ್ಟಲ್ಲಿಂದ ಶುರು ಮಾಡಬಹುದು.

ಆ ರಾತ್ರಿ ಪಕ್ಕದಲ್ಲೇ ಕೂತಿದ್ದೆ. ಶೇಕಡ ಲೆಕ್ಕ ಏರುವುದನ್ನು ನೋಡುತ್ತಾ ಹಳೆಯದೊಂದು ವಿಷಯ ನೆನಪಾಯಿತು. ರೈಡ್ ಎಂಬ ಹೆಸರು ಬಂದದ್ದು ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಅವರ ಲೆಕ್ಕ ನಿಂತಿದ್ದು, ಒಂದು ಡಿಸ್ಕ್ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇಲ್ಲ ಎಂಬ ಊಹೆಯ ಮೇಲೆ. ನಮ್ಮ ನಾಲ್ಕು ಡಿಸ್ಕ್ ಒಂದೇ ದಿನ ಕೊಂಡವು. ಒಂದೇ ಪೆಟ್ಟಿಗೆಯ ಬಿಸಿಯಲ್ಲಿ, ಒಂದೇ ಫ್ಯಾನಿನ ಕೆಳಗೆ ಅಷ್ಟೂ ವರ್ಷ ತಿರುಗಿದವು. ಸಂಬಂಧ ಇಲ್ಲ ಅಂತ ಹೇಗೆ ಹೇಳುವುದು?

ಸೋಮವಾರ ಸಂಜೆ ಡಿಡಿರೆಸ್ಕ್ಯೂ ಮುಗಿಯಿತು. ಓದಲು ಆಗದೇ ಉಳಿದದ್ದು 88 ಸೆಕ್ಟರ್. ಒಟ್ಟು 44 ಕೆಬಿ, ಹನ್ನೊಂದು ತೂತು. 4 ಟಿಬಿಯಲ್ಲಿ ಅಷ್ಟೇ.

ಒಂದು, ಎರಡು, ನಾಲ್ಕರ ಪ್ರತಿಗಳನ್ನು ಜೋಡಿಸಿದೆ. ಪ್ರತಿಗಳ ಮೇಲೂ ನೇರವಾಗಿ ಬರೆಯದೆ, ಬರೆದದ್ದೆಲ್ಲ ಬೇರೊಂದು ಫೈಲಿಗೆ ಹೋಗುವ ಹಾಗೆ ಮೇಲೊಂದು ಪದರ ಹಾಸಿದ್ದೆ. ಎಡವಿದರೆ ಆ ಪದರವನ್ನು ಕಿತ್ತು ಮತ್ತೆ ಶುರು ಮಾಡಬಹುದು. ಓದಲು ಮಾತ್ರ ಎಂಬ ಷರತ್ತಿನಲ್ಲಿ ತೆರೆದೆ. ಫೋಲ್ಡರ್‌ಗಳು ಸಾಲಾಗಿ ಬಂದವು. ಪಕ್ಕದಲ್ಲಿ ನಿಂತಿದ್ದ ಹುಡುಗ ನನ್ನ ಭುಜ ಹಿಡಿದುಕೊಂಡ.

ಆದರೆ ಫೋಲ್ಡರ್ ಕಾಣಿಸಿದ ಮಾತ್ರಕ್ಕೆ ಒಳಗಿನ ಫೈಲ್ ಸರಿ ಇದೆ ಅಂತಲ್ಲ. ಇಲ್ಲಿ ನಮ್ಮನ್ನು ಕಾಪಾಡಿದ್ದು ಮೇಡಂ. ತಂಡ ಕಟ್ಟಿದವರು ಅವರೇ. ಮೊದಲ ದಿನದಿಂದ ಎಲ್ಲ ರೆಕಾರ್ಡಿಂಗ್ ಫ್ಲ್ಯಾಕ್ ರೂಪದಲ್ಲೇ, ಅಂದರೆ ಧ್ವನಿಯ ಏನನ್ನೂ ಕಳೆಯದೆ ಇಡುವ ಫೈಲ್ ರೂಪದಲ್ಲೇ, ಇರಬೇಕು ಅಂತ ಹಟ ಹಿಡಿದಿದ್ದರು. ಫ್ಲ್ಯಾಕ್ ಫೈಲಿನ ತಲೆಯಲ್ಲಿ ಅದರ ಇಡೀ ಧ್ವನಿಯ ಎಂಡಿ5 ಎಂಬ, ಬೆರಳಚ್ಚಿನಂಥ ಗುರುತು ಇರುತ್ತದೆ. ಒಳಗಿನ ಒಂದೊಂದು ತುಣುಕಿಗೂ ಅದರದೇ ಪರೀಕ್ಷೆಯ ಅಂಕಿ ಇರುತ್ತದೆ. ಹಾಗಾಗಿ ಫೈಲ್ ಕೆಟ್ಟಿದೆಯೋ ಇಲ್ಲವೋ ಅಂತ ಅದನ್ನೇ ಕೇಳಬಹುದು. 2,600ನ್ನೂ ಕೇಳಿದೆ. ರಾತ್ರಿಯಿಡೀ ಓಡಿತು. ನಾಲ್ಕು ಫೈಲ್ ಫೇಲ್ ಆದವು.

ಆಗ ಪಕ್ಕಕ್ಕಿಟ್ಟಿದ್ದ ಮೂರನೇ ಡಿಸ್ಕ್ ನೆನಪಾಯಿತು. ಅದು ಹಳೆಯದು, ಒಪ್ಪಿದೆ. ಆದರೆ ನಮ್ಮ ರೆಕಾರ್ಡಿಂಗ್‌ಗಳನ್ನು ಒಮ್ಮೆ ಇಟ್ಟ ಮೇಲೆ ಯಾರೂ ಬದಲಾಯಿಸುವುದಿಲ್ಲ. ಐದು ವರ್ಷದ ಹಿಂದಿನ ಫೈಲ್ ಇರುವ ಜಾಗ ಈ 71 ದಿನದಲ್ಲೂ ಹಾಗೇ ಇರಬೇಕು, ಅಲ್ವಾ? ಹಾಗಿದ್ದರೆ ಆ ಜಾಗದಲ್ಲಿ ಸಮಸಂಖ್ಯೆಯ ಲೆಕ್ಕ ಇನ್ನೂ ನಿಜ. ಒಂದು, ಮೂರು, ನಾಲ್ಕನೇ ಡಿಸ್ಕಿನ ಅದೇ ಜಾಗದ ಬೈಟ್‌ಗಳನ್ನು ಓದಿ, ಎಕ್ಸ್‌ಓಆರ್ (ಅದೇ ಸಮಸಂಖ್ಯೆಯ ಲೆಕ್ಕ) ಮಾಡಿದರೆ, ಎರಡನೆಯದರ ತೂತಿನಲ್ಲಿ ಏನಿತ್ತು ಅಂತ ಬರುತ್ತದೆ. ಇಡೀ ಡಿಸ್ಕಾಗಿ ಅದನ್ನು ನಂಬುವ ಹಾಗಿಲ್ಲ. ಹನ್ನೊಂದು ಚುಕ್ಕೆಗಳಿಗೆ ಮಾತ್ರ ಸಾಕ್ಷಿ ಕೇಳಬಹುದು. ಸರಿಯೋ ತಪ್ಪೋ ಅಂತ ಹೇಳಲು ಫ್ಲ್ಯಾಕ್ ಇದ್ದೇ ಇದೆ.

ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದೆ. ಜಾಗದ ಲೆಕ್ಕವನ್ನು ಮೂರು ಸಲ ನೋಡಿದೆ, ಹುಡುಗನಿಗೂ ತೋರಿಸಿದೆ. ಓಡಿಸಿದ ಮೇಲೆ ಆ ನಾಲ್ಕು ಫೈಲ್‌ಗಳನ್ನು ಮತ್ತೆ ಪರೀಕ್ಷಿಸಿದೆ. ಒಂದು ಪಾಸ್. ಎರಡು ಪಾಸ್. ಮೂರು ಪಾಸ್. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ಪದ ಬೇರೊಂದಿಲ್ಲ.

ನಾಲ್ಕನೆಯದು ಪಾಸ್ ಆಗಲಿಲ್ಲ. ಅದು ಮೂರು ವಾರದ ಹಿಂದೆ ಮಾಡಿದ ರೆಕಾರ್ಡಿಂಗ್. ಮೂರನೇ ಡಿಸ್ಕ್ ಅದನ್ನು ನೋಡಿಯೇ ಇರಲಿಲ್ಲ.

ಈಗ ಹೊಸ ಪೆಟ್ಟಿಗೆ ರೈಡ್ 6ರಲ್ಲಿದೆ, ಎರಡು ಡಿಸ್ಕ್ ಹೋದರೂ ನಿಲ್ಲುತ್ತದೆ. ಡಿಸ್ಕ್‌ಗಳನ್ನು ಬೇರೆ ಬೇರೆ ಕಡೆಯಿಂದ ಕೊಂಡೆವು. ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ತಾಳೆ ನೋಡುತ್ತದೆ. ಎಚ್ಚರಿಕೆ ಮೂವರ ಫೋನಿಗೆ ಬರುತ್ತದೆ. ಪೂರ್ತಿ ಬ್ಯಾಕಪ್ ಬೇರೆ ಕಟ್ಟಡದಲ್ಲಿದೆ.

ಬುಧವಾರ ಮೇಡಂ ಬಂದರು. ಕೆಟ್ಟ ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿ ಕೇಳಿಸಿದೆ. ತಪ್ಪಿದ ತುಣುಕನ್ನು ಬಿಟ್ಟು ಉಳಿದದ್ದು ಪೂರ್ತಿ ತೆಗೆದಿದ್ದೆ. ವಯಸ್ಸಾದ ಹೆಂಗಸೊಬ್ಬರು ರಾತ್ರಿ ಯಾರೋ ಬಾಗಿಲು ತಟ್ಟಿದ್ದನ್ನು ಹೇಳುತ್ತಿದ್ದಾರೆ. "ಎದ್ದು ಹೋಗಿ ಬಾಗಿ..." ಆಮೇಲೆ ಕಾಲು ಸೆಕೆಂಡೂ ಇಲ್ಲದ ಮೌನ. "...ತೆಗೆದೆ." ಒಂದೇ ಒಂದು "ಲು" ಹೋಗಿದೆ.

"ಅಕ್ಕಪಕ್ಕದ ಧ್ವನಿ ಹೊಂದಿಸಿ ಈ ಗ್ಯಾಪ್ ಮುಚ್ಚಬಹುದು ಮೇಡಂ, ಯಾರಿಗೂ ಗೊತ್ತಾಗಲ್ಲ" ಅಂದೆ.

ಅವರು ಇನ್ನೊಮ್ಮೆ ಕೇಳಿದರು. "ಬೇಡ. ಅವರು ಹೇಳಿದ್ದನ್ನ ನಾವು ಮಾಡಿ ಸೇರಿಸೋದು ಬೇಡ. ಎಲ್ಲಿ ಹೋಗಿದೆ ಅಂತ ಬರೆದಿಡಿ, ಸಾಕು" ಅಂದರು.

ಹಾಗಾಗಿ ಕ್ಯಾಟಲಾಗಿನಲ್ಲಿ ಆ ರೆಕಾರ್ಡಿಂಗಿನ ಎದುರು ಹೀಗೆ ಬರೆದಿದ್ದೇನೆ: 41 ನಿಮಿಷ 12ನೇ ಸೆಕೆಂಡಿನಲ್ಲಿ ಒಂದು ಅಕ್ಷರದಷ್ಟು ಧ್ವನಿ ಇಲ್ಲ. ಡಿಸ್ಕ್ ಕೆಟ್ಟಿದ್ದರಿಂದ ಹೋಗಿದೆ. "ಬಾಗಿಲು" ಎಂದು ಓದಿಕೊಳ್ಳುವುದು.